ತೋಪಿನ ಬಂಡಿ

ಒಣ ಜೋಳದ ದಂಟು ಸೀಳಿದ ವಾಸನೆ ಬಂದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಎಪ್ಪತ್ತೊಂದರ ಯುದ್ಧಕ್ಕೆ ಮುಂಚೆ, ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದ ಕಾಕಾ ರಜೆಯ ಮೇಲೆ ನಮ್ಮೂರು ಬಿಜ್ಜರಗಿಗೆ ಬಂದಿದ್ದ. ಉದ್ದನೆಯ ತಂತಿಯ ತುದಿಯಲ್ಲಿದ್ದ ಗುಂಡಿ ಒತ್ತಿದರೆ ಓಡುವ ಆಟಿಕೆಯ ಮಿಲಿಟರಿ ಟ್ರಕ್ಕು ತಂದಿದ್ದ. ಅವನು ಮರಳಿ ಹೊರಡುವ ಹಿಂದಿನ ದಿನ, ಅದರ ಹಿಂದೆ ಕಟ್ಟಲು ನಾನು ದಂಟಿನ ಬೆಂಡಿನಿಂದ ತೋಪಿನ ಬಂಡಿ ಮಾಡಿದೆ. ಎತ್ತಿನ ಬಂಡಿಯ ನೊಗ ಕಟ್ಟುವ ಮೂಕಿಯಂತೆ ತೋಪಿನ ನಳಿಗೆಯನ್ನು ಮುಂದಕ್ಕೆ ಚಾಚಿ, ಟ್ರಕ್ಕಿಗೆ ದಾರದಿಂದ ಬಿಗಿದೆ.

ಕಾಕಾ ನಕ್ಕ. “ಲೇ ಶಾಣ್ಯಾ, ತೋಪಿನ ಬಾಯಿ ಹಿಂದಕ್ಕಿರಬೇಕು. ಹಿಂಗ ಕಟ್ಟಿದ್ರ ನನ್ನ ಬೆನ್ನಿಗೇ ಬಡೀತೈತಿ.”

“ನೀನೂ ತೋಪ ಎಳೀತಿ ಏನ ಕಾಕಾ?”

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನಿಮ್ಮ ಆಯಿಗ ಹೇಳಬ್ಯಾಡ. ಹಿಟ್ಟು, ಅಕ್ಕಿ ಸಾಗಸ್ತೀನಿ ಅಂತ ಹೇಳೇನಿ.”

ಹೂಂ ಎಂದೆ. ಆದರೆ ನಳಿಗೆ ತಿರುಗಿಸಿ ಕಟ್ಟಿದ ಮೇಲೆ ಹೆಮ್ಮೆ ತಡೆಯಲಾಗಲಿಲ್ಲ. ಒಳಗೆ ಜೋಳ ಹಸನು ಮಾಡುತ್ತಿದ್ದ ಅಜ್ಜಿಗೆ ಕೂಗಿ ಹೇಳಿದೆ. “ಆಯೀ, ಬಾ ಇಲ್ಲಿ! ಕಾಕಾನ ಗಾಡಿ ಹಿಂದನೂ ಇಂಥಾದ ತೋಪ ಐತಿ!”

ಅಜ್ಜಿ ಮೊರ ಕೆಳಗಿಟ್ಟು ಅಂಗಳಕ್ಕೆ ಬಂದಳು. “ಹಿಟ್ಟು ಒಯ್ತೀನಿ ಅಂದಿದ್ದೆಲ್ಲೋ, ಯಪ್ಪಾ?”

ಅಜ್ಜಿ ಕುಕ್ಕರಗಾಲಲ್ಲಿ ಕೂತು, ದಾರದ ಗಂಟು ಬಿಚ್ಚಿ, ತೋಪಿನ ಬಂಡಿಯನ್ನು ತನ್ನ ಉಡಿಯಲ್ಲಿಟ್ಟುಕೊಂಡಳು.

“ಹೂಂ, ಈಗ ಓಡಸು,” ಎಂದಳು.

ಬರಿಯ ಟ್ರಕ್ಕು ಅಂಗಳದಲ್ಲಿ ಸುತ್ತತೊಡಗಿತು. ಅಜ್ಜಿ ಸಾಕು ಎನ್ನುವವರೆಗೂ ಕಾಕಾ ಗುಂಡಿಯ ಮೇಲಿನ ಬೆರಳು ತೆಗೆಯುವಂತಿರಲಿಲ್ಲ. ಅವಳು ಸಾಕು ಎನ್ನಲೇ ಇಲ್ಲ.