ಮೂರನೆಯ ಕೂಗು

ಕ್ಯಾಪ್ಟನ್ "ಎಲ್ಲರೂ ಹೊರಗೆ!" ಎಂದು ಸೀಟಿ ಊದಿದ್ದೇ ತಡ, ಹೊತ್ತಿ ಉರಿಯುತ್ತಿದ್ದ ಮೂರಂತಸ್ತಿನ ಆ ಮರದ ಮನೆ ಮಂಡಿಯೂರಿ ಕುಸಿಯಿತು. ಆ ಸದ್ದಿಗೆ ವಾಲ್ಪರೈಸೊ ಬಂದರಿನಲ್ಲಿ ಲಂಗರು ಹಾಕಿದ್ದ ಹಡಗುಗಳು ಬೆಚ್ಚಿಬಿದ್ದು ಒಂದು ಮೈಲಿ ಹಿಂದೆ ಸರಿದವು; ಸುಳ್ಳೆನ್ನುವವರು ಹಡಗುಗಳನ್ನೇ ಕೇಳಿಕೊಳ್ಳಲಿ. ಎದ್ದ ಬೂದಿಗೆ ನಮ್ಮ ಗುಡ್ಡದ ಕರಿಬೆಕ್ಕುಗಳೆಲ್ಲ ಬಿಳಿಯವಾದವು, ಇವತ್ತಿಗೂ ಬಿಳಿಯವೇ.

ಹೊರಗೆ ಬಂದ ಕೂಡಲೇ ಹಾಜರಿ, ಉತ್ತರ ಬರದ ಹೆಸರಿಗೆ ಮೂರು ಕೂಗು, ಅದು ನಿಯಮ. ಕೂಗಬೇಕಾದವಳು ಕ್ಯಾಪ್ಟನ್ ರಾಯೆನ್, ವಾರವೆಲ್ಲ ಬ್ರೆಡ್ ಸುಟ್ಟು ಮಾರುವ ಇಪ್ಪತ್ತಾರರ ಹೆಣ್ಣು. ಬೆಂಕಿ ಆರಿಸುವುದಕ್ಕೆ ನಮ್ಮಲ್ಲಿ ಯಾರಿಗೂ ಸಂಬಳವಿಲ್ಲ. ಹುದ್ದೆ ಸಿಗುವುದು ಕಂಪನಿಯವರ, ಅಂದರೆ ನಮ್ಮ ಅಗ್ನಿಶಾಮಕ ದಳದವರ, ಓಟಿನಿಂದ. ಕಳೆದ ಡಿಸೆಂಬರಿನಲ್ಲಿ ಅವಳು ನಮ್ಮೆಲ್ಲರಿಗೂ ಹಿರಿಯನಾದ ಕಟುಕ ದೋನ್ ಎವರಿಸ್ತೊನನ್ನು ಒಂದೇ ಓಟಿನಿಂದ ಸೋಲಿಸಿದ್ದಳು. ಆ ಒಂದು ಓಟು ಮುದುಕನ ಮಗ ಫರ್ಮಿನ್‌ನದು ಎಂಬುದು ಗುಡ್ಡದ ನಾಯಿಗಳಿಗೂ ಗೊತ್ತಿತ್ತು.

"ಕ್ವಿಸ್ಪೆ!"

"ಹಾಜರ್! ಒಂದು ಹುಬ್ಬು ಸುಟ್ಟೋಯ್ತು, ಅಷ್ಟೇ."

"ಇನ್ನೊಂದನ್ನೂ ಕೊಟ್ಟು ಬಂದಿದ್ರೆ ಜೋಡಿಯಾಗ್ತಿತ್ತಲ್ಲೋ," ಎಂದು ಯಾರೋ ಹಿಂದಿನಿಂದ ಅಂದರು. ನಕ್ಕೆವು.

"ಫರ್ಮಿನ್ ಬುಸ್ತಮಾಂತೆ!"

ಸೀಟಿ ಊದುವಾಗ ಒಳಗಿನ ಮೆಟ್ಟಿಲ ಮೇಲೆ ಪೈಪಿನ ಮೂತಿ ಹಿಡಿದು ನಿಂತಿದ್ದವನು ಅವನೇ. ಎಲ್ಲರೂ ಪಕ್ಕದವನ ಹಿಂದೆ ಇಣುಕಿದೆವು. ಆರಡಿ ಎತ್ತರದ ಮೀನುಗಾರ, ಯಾರ ಬೆನ್ನ ಹಿಂದೆ ಅಡಗಿಯಾನು?

"ಫರ್ಮಿನ್ ಬುಸ್ತಮಾಂತೆ!"

ದೋನ್ ಎವರಿಸ್ತೊ ಮೆಲ್ಲಗೆ ಹೆಲ್ಮೆಟ್ ತೆಗೆದ. ನಮ್ಮಲ್ಲಿ ಬೆಂಕಿಗೆ ಬಲಿಯಾದವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದಿಲ್ಲ. ನೂರು ವರ್ಷವಾದರೂ ಪ್ರತಿ ಸಭೆಯಲ್ಲಿ ಆ ಹೆಸರು ಕೂಗುತ್ತಾರೆ. ಅವನ ಬದಲಿಗೆ ಇಡೀ ಕಂಪನಿ ಉತ್ತರ ಕೊಡುತ್ತದೆ. ಮುದುಕ ಆಕಾಶಕ್ಕೆ ಮುಖವೆತ್ತಿ, ಮಾಂಸದಂಗಡಿಯಲ್ಲಿ ಕೂಗಿದರೆ ಆಂಡೀಸ್ ಆಚೆಯ ಕುರಿಗಳೂ ಕಾಲ್ಕೀಳುವ ಆ ಗಂಟಲಿನಿಂದ, "ಹಾಜರ್!" ಎಂದ.

ಅಪ್ಪನೇ ಅಂದ ಮೇಲೆ ಇನ್ನೇನು? ನಾವೂ ಹೆಲ್ಮೆಟ್ ತೆಗೆದು ಎದೆ ಬಿರಿಯುವಂತೆ ಕೂಗಿದೆವು: "ಹಾಜರ್!" ಗುಡ್ಡದ ಕಿಟಕಿಗಳೆಲ್ಲ ಝಲ್ಲೆಂದವು. ಪೈಪುಗಳು ಕೈಯಿಂದ ಜಾರಿದವು. ಕ್ವಿಸ್ಪೆ ಆಗಲೇ ಪಾದ್ರಿಯನ್ನು ಕರೆತರಲು ಹೊರಟಿದ್ದ.

"ನಿಂತ್ಕೊಳ್ಳೋ ಕ್ವಿಸ್ಪೆ!" ರಾಯೆನ್ ಚೀರಿದಳು. "ಹೆಲ್ಮೆಟ್ ತೆಗೀರಿ ಅಂತ ಯಾರ್ ಹೇಳಿದ್ದು? ಹಾಕ್ಕೊಳ್ಳಿ ಎಲ್ಲಾ! ಮೂರನೇ ಕೂಗು ಇನ್ನೂ ಆಗಿಲ್ಲ."

"ಬಿಡು ತಾಯಿ," ಎಂದ ಮುದುಕ. "ನಲವತ್ತೆಂಟು ವರ್ಷದಿಂದ ನೋಡ್ತಿದೀನಿ. ಇಂಥದರ ಕೆಳಗೆ ಹೋದೋನು ಮೇಲೆ ಬರಲ್ಲ. ನನ್ ಮಗ ಅವನು. ಅವನ ಪರವಾಗಿ ಹೇಳೋ ಹಕ್ಕು ಮೊದಲು ನನಗಿದೆ."

"ಇಲ್ಲಿ ನೀವು ಅಪ್ಪ ಅಲ್ಲ ದೋನ್ ಎವರಿಸ್ತೊ, ನನ್ನ ಕೈಕೆಳಗಿನ ಸಿಬ್ಬಂದಿ. ಬೆಂಕಿ ಎದುರು ಒಬ್ಬರ ಬದಲು ಇನ್ನೊಬ್ಬರು ಉತ್ತರ ಕೊಡೋ ಹಾಗಿಲ್ಲ. ಬಾಯಿ ಮುಚ್ಚಿ!"

ನಾವು ಹೆಲ್ಮೆಟ್ ಹಾಕಿಕೊಂಡೆವು. ದೋನ್ ಎವರಿಸ್ತೊಗೆ ಬಾಯಿ ಮುಚ್ಚು ಎಂದವರು ಯಾರೂ ಇಲ್ಲ. ಹೆಂಡತಿ ಒಮ್ಮೆ ಅನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದ್ದಳಂತೆ.

"ಪಂಪ್ ನಿಲ್ಸಿ," ಎಂದಳು ಕ್ಯಾಪ್ಟನ್.

"ನಿಲ್ಲಿಸಿದ್ರೆ ಬೆಂಕಿ ಮತ್ತೆ ಏಳತ್ತಮ್ಮಾ!" ಎಂದ ಪಂಪಿನವನು.

"ಗೊತ್ತು. ನಿಲ್ಸಿ."

ಪಂಪು ಗುರುಗುಟ್ಟಿ ಸುಮ್ಮನಾಯಿತು. ಎಂಥಾ ಮೌನವೆಂದರೆ ಸಮುದ್ರವೂ ಅಲೆಯನ್ನು ಎತ್ತಿ ಹಿಡಿದು ಕಾಯುತ್ತಿತ್ತು. ಎಡಗಡೆಯ ತೊಲೆಗಳಲ್ಲಿ ಕಿಡಿ ಚಿಟಗುಟ್ಟತೊಡಗಿತು. ಅವಳು ಅವಶೇಷದ ಮೇಲೆ ಬಾಗಿ, ಕೂಗಲಿಲ್ಲ, ಪಕ್ಕದ ಮನೆಯವನನ್ನು ಕರೆಯುವಂತೆ ಕರೆದಳು.

"ಫರ್ಮಿನ್ ಬುಸ್ತಮಾಂತೆ."

ಒಂದು ಸೊಳ್ಳೆಯ ದನಿ. ಬೂದಿಯ ಒಳಗಿನಿಂದ, ತಗಡಿನ ಕೆಳಗಿನಿಂದ.

"ಹಾಜರ್... ಹಾಜರ್ ಅಂತ ಎಷ್ಟು ಸಲ ಸಾಯ್ಲಿ? ನಾನು ಬಾಯಿ ತೆಗೆದಾಗಲೇ ನೀವೆಲ್ಲ ಹಂಗೆ ಅರಚಿದ್ರೆ ಯಾರಿಗೆ ಕೇಳ್ಸತ್ತೆ? ಮೊದ್ಲು ನಮ್ಮಪ್ಪನ ಬಾಯಿಗೆ ಏನಾದ್ರೂ ತುರುಕ್ರೋ!"

ಅಲ್ಲಿಂದ ಮುಂದೆ ನಾವು ಅಗೆದ ವೇಗಕ್ಕೆ ಗುಡ್ಡವೇ ಒಂದು ಗೇಣು ಕುಗ್ಗಿತು. ಮುರಿದ ಮೆಟ್ಟಿಲು ಛತ್ರಿಯಂತೆ ಕವುಚಿಕೊಂಡಿತ್ತು. ಅದರಡಿಯಿಂದ ಅವನನ್ನು ಕಾಲು ಹಿಡಿದು ಎಳೆದು ತೆಗೆಯುವುದಕ್ಕೂ, ಎಡಗಡೆಯ ಬೆಂಕಿ ಆ ಜಾಗಕ್ಕೆ ನುಗ್ಗುವುದಕ್ಕೂ ಸರಿಹೋಯಿತು. ಒಂದು ಕಾಲು ಮುರಿದಿತ್ತು. ಬೈಗುಳ ಮಾತ್ರ ಒಂದೂ ಮುರಿದಿರಲಿಲ್ಲ.

ಪಂಪು ಮತ್ತೆ ಓಡಿ, ಬೆಂಕಿ ಆರಿ, ಫರ್ಮಿನ್‌ನನ್ನು ಹೊತ್ತ ಆಂಬುಲೆನ್ಸ್ ಇಳಿಜಾರಿನ ತಿರುವಿನಲ್ಲಿ ಮರೆಯಾಯಿತು. ರಾಯೆನ್ ಮಸಿಗೈಯಿಂದ ಮುಖ ಒರೆಸಿಕೊಂಡಳು. ಹಾಜರಿ ಮುಗಿದಿರಲಿಲ್ಲ, ಕಿರಿಯನಿಂದ ಶುರುವಾದದ್ದು ಹಿರಿಯನವರೆಗೆ ಹೋಗಲೇಬೇಕು. ಉಳಿದವರೆಲ್ಲ ಮೆಲುದನಿಯಲ್ಲಿ, ತಮ್ಮ ತಮ್ಮ ಪರವಾಗಿ ಮಾತ್ರ, ಉತ್ತರ ಕೊಟ್ಟೆವು. ಇನ್ನೊಂದೇ ಹೆಸರು.

"ಎವರಿಸ್ತೊ ಬುಸ್ತಮಾಂತೆ!"

ರಸ್ತೆಯ ಅಂಚಿನಲ್ಲಿ ಕುಳಿತಿದ್ದ ಮುದುಕ ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ.

"ಎವರಿಸ್ತೊ ಬುಸ್ತಮಾಂತೆ."

ತೆರೆದ ಬಾಯಿ ತೆರೆದೇ ಇತ್ತು, ಮಸಿಯ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವನ ಪರವಾಗಿ ನಾವು ಯಾರೂ ತುಟಿ ಅಲುಗಿಸಲಿಲ್ಲ; ಮೂರನೆಯ ಕೂಗು ಇನ್ನೂ ಬಾಕಿಯಿತ್ತು.