ಚೀಲದಲ್ಲಿದ್ದ ಆಫೀಸು

"ಎಲ್ಲಿದ್ದೀರಿ?" ಫೋನಿನಲ್ಲಿ ಹೆಂಡತಿ.

"ಆಫೀಸಲ್ಲಿ ಕಣೇ, ಇನ್ನೆಲ್ಲಿ ಸಾಯ್ಲಿ?" ಎಂದರು ಸಾಹೇಬರು, ಬಾಯಲ್ಲಿದ್ದ ಕೇಕನ್ನು ದವಡೆಗೆ ಒತ್ತರಿಸಿಕೊಂಡು.

"ಗೊತ್ತು, ಕಾಣಿಸ್ತಾ ಇದೆ. ಸುಮ್ನೆ ಕೇಳ್ದೆ."

"ಅದೇನೇ ಅಲ್ಲಿ, ಬಸ್ಸಿನ ಹಾರ್ನು?"

"ಕಿಟಕಿ ತೆಗ್ದಿದೀನಿ. ಕೆಲಸ ಮುಗಿಸ್ಕೊಂಡೇ ಬನ್ನಿ, ಅವಸರ ಏನಿಲ್ಲ. ಸೊಪ್ಪು ಬೇಯಿಸಿಟ್ಟಿದೀನಿ."

ಸಾಹೇಬರು ಫೋನಿಟ್ಟು ಸುತ್ತ ನೋಡಿದರು. ಬೇಕರಿಯ ನೆಲಮಾಳಿಗೆ, ಮರದ ಪರದೆಗೆ ಆತುಕೊಂಡ ಮೂಲೆ ಮೇಜು. ಎದುರಿಗೆ ಚಾಕೊಲೇಟ್ ಕೇಕು, ಕಾಲ ಬಳಿ ಚೀಲ. ಚೀಲದೊಳಗೆ ಅವರ ಆಫೀಸು.

ನಗಬೇಡಿ, ಆಫೀಸೇ. ಮನೆಮನೆಗೆ ಇಂಟರ್‌ನೆಟ್ ಡಬ್ಬಿ ಕೂರಿಸುವುದು ಅವರ ಕಸುಬು; ಬೀದಿಯವರೆಲ್ಲ ಸಿಗ್ನಲ್ ಸಾಹೇಬರೆಂದೇ ಕರೆಯುವುದು. ಹೋದ ವರ್ಷ ಮನೆ ಬದಲಾಯಿಸಿದಾಗ ಹೆಂಡತಿಯ ಫೋನು ಎರಡು ವಾರ ಹಳೆಯ ಬೀದಿಯನ್ನೇ ತೋರಿಸುತ್ತಿತ್ತು. ಯಾಕೆ ಎಂದು ಅವಳು ಕೇಳಿದ್ದೇ ತಪ್ಪಾಯಿತು. ಸಾಹೇಬರು ಕೈ ತೊಳೆಯದೆ ಒಂದು ಗಂಟೆ ಪಾಠ ಮಾಡಿದರು. ಸೂರಿನಡಿ ಫೋನಿಗೆ ಉಪಗ್ರಹ ಸರಿಯಾಗಿ ಸಿಗುವುದಿಲ್ಲ. ಆಗ ಅದು ಹತ್ತಿರ ಯಾವ ವೈಫೈ ಡಬ್ಬಿ ಇದೆ ಎಂದು ನೋಡುತ್ತದೆ. ಪ್ರತಿ ಡಬ್ಬಿಗೂ ಹುಟ್ಟಿನಿಂದ ಬಂದ ಒಂದು ನಂಬರು, ಅದೇ ಅದರ ವಿಳಾಸ. ಯಾವ ನಂಬರು ಯಾವ ಬೀದಿಯದು ಎಂಬ ಪಟ್ಟಿ ಎಲ್ಲೋ ದೂರದಲ್ಲಿರುತ್ತದೆ. ಡಬ್ಬಿಯನ್ನು ಎತ್ತಿಕೊಂಡು ಹೋದರೆ ಪಟ್ಟಿಗೇನು ಗೊತ್ತು, ಪಾಪ? ಫೋನು ಹಳೆಯ ಜಾಗವನ್ನೇ ಒದರುತ್ತದೆ. ಡಬ್ಬಿಗೆ ತಂತಿಯೂ ಬೇಡ, ನೆಟ್ಟೂ ಬೇಡ, ಒಂದಿಷ್ಟು ಕರೆಂಟು ಸಾಕು.

"ಅಯ್ಯೋ, ನಿಮ್ಮ ಪುರಾಣ ನಂಗೆ ತಲೆಗೆ ಹೋಗಲ್ಲ ಬಿಡಿ" ಎಂದು ಅವಳು ಆಕಳಿಸಿದ್ದಳು.

ಅದಾದ ಮೇಲೆ ಡಾಕ್ಟರು ಸಾಹೇಬರ ರಕ್ತದಲ್ಲಿ ಸಕ್ಕರೆ ಕಂಡುಹಿಡಿದರು. ಹೆಂಡತಿ ಅವತ್ತೇ ಇಬ್ಬರ ಫೋನನ್ನೂ ಜೋಡಿಸಿಟ್ಟಳು. ಇವರು ಎಲ್ಲಿದ್ದಾರೆಂದು ಅವಳ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕಿ, ಅವಳು ಎಲ್ಲಿದ್ದಾಳೆಂದು ಇವರ ಫೋನಿನಲ್ಲಿ ಒಂದು ಚುಕ್ಕಿ.

"ಬೇಕರಿ ಕಡೆ ಒಂದೇ ಒಂದು ಸಲ ಸಿಕ್ಕಿಬಿದ್ರೆ ಊರಿಂದ ನಮ್ಮಣ್ಣನ್ನ ಕರೆಸ್ತೀನಿ. ಒಂದು ವರ್ಷ ಇಲ್ಲೇ ಇರ್ತಾನೆ."

ಅವಳ ಅಣ್ಣ ನಿವೃತ್ತ ಡ್ರಿಲ್ ಮೇಷ್ಟ್ರು. ಹಿಂದೊಮ್ಮೆ ನಾಲ್ಕು ದಿನ ಬಂದಿದ್ದಾಗ ಬೆಳಗಿನ ಐದಕ್ಕೆ ಕಿವಿಯ ಪಕ್ಕ ಸೀಟಿ ಊದಿದ್ದ. ಮಾಳಿಗೆಯ ಮೇಲೆ ಸಾಹೇಬರನ್ನು ಓಡಿಸಿದ್ದ. ತಟ್ಟೆಯ ಮುಂದೆ ಕೂತು ತುತ್ತು ಎಣಿಸಿದ್ದ. ನಾಲ್ಕೇ ದಿನಕ್ಕೆ ಸಾಹೇಬರ ಜೀವ ಬಾಯಿಗೆ ಬಂದಿತ್ತು. ಒಂದು ವರ್ಷವೆಂದರೆ ಬದುಕಿ ಉಳಿಯುವ ಮಾತೇ ಇರಲಿಲ್ಲ.

ಆದರೂ ಬುಧವಾರದ ಕೇಕು ಬಿಡಲಾಗಲಿಲ್ಲ. ಬುಧವಾರ ಬಂತೆಂದರೆ ಆಫೀಸಿನ ತಮ್ಮ ಮೇಜಿನ ಮೇಲಿದ್ದ ಡಬ್ಬಿಯನ್ನು ಚೀಲಕ್ಕೆ ಹಾಕಿ, ಪವರ್ ಬ್ಯಾಂಕಿಗೆ ಸಿಕ್ಕಿಸುವರು. ದಾರಿಯುದ್ದಕ್ಕೂ ಫೋನಿನ ಲೊಕೇಶನ್ ಬಂದ್. ನೆಲಮಾಳಿಗೆಗೆ ಇಳಿದ ಮೇಲೆ ಚಾಲೂ. ಅಲ್ಲಿ ಬೇರೆ ಡಬ್ಬಿ ಇರಲಿಲ್ಲ, ಉಪಗ್ರಹವಂತೂ ಇಣುಕುತ್ತಿರಲಿಲ್ಲ. ಚುಕ್ಕಿ ಆಫೀಸಿನಲ್ಲಿ ಗೂಟ ಹೊಡೆದು ಕೂರುತ್ತಿತ್ತು.

ಒಂದೇ ಕೊರಗು. ಹೆಂಡತಿಯೂ ಅವರ ಜೊತೆ ಸಿಹಿ ಬಿಟ್ಟಿದ್ದಳು. "ನೀವೊಬ್ರೇ ಯಾಕೆ ಬಾಯಿ ಕಟ್ಬೇಕು? ನಾನೂ ಬಿಡ್ತೀನಿ" ಎಂದವಳು ಚಹಕ್ಕೂ ಸಕ್ಕರೆ ಸೋಕಿಸಿರಲಿಲ್ಲ. ಆದರೂ ಕೆನ್ನೆ ಮೊದಲಿಗಿಂತ ತುಂಬಿಕೊಂಡು ಹೊಳೆಯುತ್ತಿತ್ತು. ಒಳ್ಳೆಯ ಮನಸ್ಸಿನ ಕಳೆ ಎಂದುಕೊಂಡು ಸಾಹೇಬರು ನಾಚಿ ನೀರಾಗಿದ್ದರು. ಈಗಲೂ ಅವಳ ಚುಕ್ಕಿ ಮನೆಯಲ್ಲೇ, ಕದಲದೆ. ಸಾಹೇಬರು ಮುಂದಿನ ತುತ್ತನ್ನು ತುಸು ಚಿಕ್ಕದಾಗಿ ಕತ್ತರಿಸಿಕೊಂಡರು. ನೀರು ಕುಡಿದು ನುಂಗಿದರು.

ಇವತ್ತು ಹೊತ್ತಾಗಿತ್ತು. ಪ್ರತಿ ಸಲ ಮೂರಕ್ಕೆ ಬಂದು ನಾಲ್ಕಕ್ಕೆ ಹೊರಡುವವರನ್ನು ಗಿರಾಕಿಯೊಬ್ಬ ಹಿಡಿದುಕೊಂಡಿದ್ದರಿಂದ ಈಗ ಐದಾಗುತ್ತ ಬಂದಿತ್ತು. ಹಾಸ್ಟೆಲಿನಲ್ಲಿದ್ದ ಮಗಳ ಸಂದೇಶ ಬಂತು: "ಅಪ್ಪಾ, ಇವತ್ತೂ ವಿಡಿಯೋ ಕಾಲ್ ಹೋಗ್ತಿಲ್ಲ. ಬುಧವಾರ ಸಂಜೆ ಅಮ್ಮನ ನೆಟ್ಟಿಗೆ ಏನು ಬಡಿದಿರುತ್ತೆ? ಊರಿಗೆಲ್ಲ ರಿಪೇರಿ ಮಾಡ್ತೀಯ, ನಮ್ಮನೇದು ನೋಡ್ಬಾರ್ದಾ?"

"ನಾಳೆ ನೋಡ್ತೀನಿ ಪುಟ್ಟಿ" ಎಂದು ಬರೆದು, ಇನ್ನೊಂದು ತುಂಡು ತರಿಸಿಕೊಂಡರು. ಪರದೆಯ ಆಚೆ ಯಾರೋ ಬಂದು ಚೀಲ ಕೆಳಗಿಟ್ಟು ಕೂತ ಸದ್ದಾಯಿತು. ಸಾಹೇಬರು ತಲೆ ಎತ್ತಲಿಲ್ಲ. ತಟ್ಟೆ ಮುಂದಿದ್ದಾಗ ಅವರು ಯಾರನ್ನೂ ನೋಡುವವರಲ್ಲ.

ತುಂಡು ಬಾಯಿಗೆ ಇಡುವ ಮೊದಲು ಅಭ್ಯಾಸಬಲದಿಂದ ಫೋನು ನೋಡಿದರು.

ಅವರ ಚುಕ್ಕಿ ಆಫೀಸಿನಲ್ಲಿರಲಿಲ್ಲ. ಮನೆಯಲ್ಲಿತ್ತು. ಹೆಂಡತಿಯ ಚುಕ್ಕಿಗೆ ಅಂಟಿಕೊಂಡು ಕೂತಿತ್ತು.

ಚೀಲಕ್ಕೆ ಕೈ ಹಾಕಿದರು. ಡಬ್ಬಿಯ ದೀಪ ಸರಿಯಾಗಿಯೇ ಉರಿಯುತ್ತಿತ್ತು. ಮತ್ತೆ ಈ ದರಿದ್ರ ಫೋನಿಗೇನು ಬಂತು? ಹಣೆಯಲ್ಲಿ ಬೆವರೊಡೆಯಿತು. ಅವಳು ಈಗ ಫೋನು ನೋಡಿದರೆ ಗಂಡ ಮನೆಯಲ್ಲೇ ಇದ್ದಾನೆ ಎನ್ನುತ್ತದೆ. ಕೋಣೆಯಲ್ಲಿ ನೋಡುತ್ತಾಳೆ, ಬಚ್ಚಲಲ್ಲಿ ನೋಡುತ್ತಾಳೆ, ಮಂಚದ ಕೆಳಗೂ ಬಗ್ಗುತ್ತಾಳೆ. ಗಂಡ ಇಲ್ಲ! ಅಲ್ಲಿಗೆ ಬಣ್ಣ ಬಯಲು. ನಾಳೆಯೇ ಅಣ್ಣ ಬಸ್ಸು ಹತ್ತುತ್ತಾನೆ. ಸಾಹೇಬರು ಫೋನು ಆರಿಸಲು ತಡಕಾಡತೊಡಗಿದರು.

ಅಷ್ಟರಲ್ಲಿ ಪರದೆಯ ಆಚೆ ಕುರ್ಚಿ ದಡಾರನೆ ಹಿಂದಕ್ಕೆ ಸರಿಯಿತು. ಇಪ್ಪತ್ತೈದು ವರ್ಷದಿಂದ ಕೇಳಿ ಕೇಳಿ ಪಳಗಿದ ದನಿಯೊಂದು ಗಾಬರಿಯಲ್ಲಿ ಕೂಗಿತು:

"ಉಳಿದಿದ್ದನ್ನ ಬೇಗ ಪಾರ್ಸೆಲ್ ಕಟ್ಟಪ್ಪಾ! ನಮ್ಮನೆಯವ್ರು ಆಗ್ಲೇ ಮನೆಗೆ ಬಂದ್ಬಿಟ್ಟಿದಾರೆ!"