ಬಣ್ಣ ಬದಲಿಸುವ ಹನಿ

ಲ್ಯಾಬಿನ ಆಯಾ ಚೆನ್ನಾಜಮ್ಮ ಕಂಡಂತೆ, ತ್ರಿವೇಣಿ ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದು ಒಂದೇ ಒಂದು ಹನಿ. ಬಿಳಿ ಪುಡಿಯಲ್ಲಿ ಹೊರಳಿಸಿದ ಆ ರಸಾಯನದ ಹನಿ ಗಾಜಿನ ಬಟ್ಟಲಿಗೆ ಅಂಟದೆ ಗೋಲಿಯಂತೆ ಉರುಳುತ್ತಿತ್ತು. ಯಾರೂ ಮುಟ್ಟದಿದ್ದರೂ ಕೆಂಪಗಿದ್ದದ್ದು ನೀಲಿಯಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಾಗುತ್ತಿತ್ತು. ಇದನ್ನು ಪರೀಕ್ಷಕರು ಕಣ್ಣಾರೆ ಕಂಡು ಸಹಿ ಹಾಕಿದರೆ ಹುಡುಗಿಗೆ ಡಾಕ್ಟರೇಟ್.

ಪರೀಕ್ಷಕರು ಒಂಬತ್ತು ಹೋಳಿಗೆ ಮುಗಿಸಿ ಬಂದಿದ್ದರು. ಹನಿ ನೀಲಿಯಾಗುವ ಹೊತ್ತಿಗೆ ಸರಿಯಾಗಿ ಅವರ ಕಣ್ಣು ಮುಚ್ಚುತ್ತಿತ್ತು. ಗೊರಕೆಗೆ ಕಪಾಟಿನ ಸೀಸೆಗಳೆಲ್ಲ ಕುಣಿಯುತ್ತಿದ್ದವು. ಎಚ್ಚರಾದಾಗ ಹನಿ ಮತ್ತೆ ಕೆಂಪು.

"ಕೆಂಪಗೇ ಇದೆಯಲ್ಲಮ್ಮ," ಎಂದರು ನಾಲ್ಕನೇ ಸಲ.

"ಈಗಷ್ಟೇ ನೀಲಿ ಆಗಿತ್ತು ಸಾರ್."

"ನಾನು ನೋಡ್ತಾನೇ ಇದೀನಲ್ಲ."

ಕಾಫಿ ತಂದಿದ್ದ ಚೆನ್ನಾಜಮ್ಮನಿಗೆ ಹುಡುಗಿಯ ಮುಖ ನೋಡಲಾಗಲಿಲ್ಲ. "ಅಳಬ್ಯಾಡ, ಸುಮ್ಕಿರವ್ವ," ಎಂದು ಪಿಸುಗುಟ್ಟಿ, ಪರೀಕ್ಷಕರ ಕಣ್ಣು ಮತ್ತೆ ಮುಚ್ಚುವುದನ್ನೇ ಕಾದಳು. ಹನಿ ಮಸುಕಾಗಿ ನೀಲಿಗೆ ತಿರುಗಿದ್ದೇ ತಡ, ಖಾಲಿ ಸ್ಟೀಲ್ ತಟ್ಟೆಯನ್ನು ಅವರ ಕಿವಿಯ ಹತ್ತಿರವೇ ಕೈಬಿಟ್ಟಳು. ಆ ಸದ್ದು ಏಳು ಊರಿಗೆ ಕೇಳಿಸಿರಬೇಕು.

ಪರೀಕ್ಷಕರು ಬೆಚ್ಚಿಬಿದ್ದು ಕಣ್ಣು ಬಿಟ್ಟರು. ಹನಿಯನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತ್ರಿವೇಣಿ ಸಹಿಯ ಹಾಳೆಯನ್ನು ಮೆಲ್ಲಗೆ ಮುಂದೆ ಸರಿಸಿದಳು.

"ಊಟ ಆದಾಗಿಂದ ರೆಪ್ಪೆ ಮುಚ್ಚದೆ ಕೂತಿದೀನಿ," ಎಂದರು ಅವರು, ಪೆನ್ನನ್ನು ಜೇಬಿಗೆ ಸಿಕ್ಕಿಸುತ್ತ. "ನನ್ನ ಕಣ್ಣೆದುರಿಗೇ ಕೆಂಪು ಹನಿ ಎತ್ತಿ ನೀಲಿ ಹನಿ ಇಟ್ಟೋರು ಯಾರು?"